ಕಸದ ಪಾಳಿಯ ಸರಪಂಚ

ಆ ಬೆಳಗ್ಗೆ ದಟ್ಟ ಮಂಜು ಕವಿದು, ತೆನೆ ಹೊತ್ತ ಬಿಳಿಜೋಳದ ಹೊಲಗಳೇ ಕಾಣದಾಗಿದ್ದವು. ಹೊತ್ತು ಏರಿದಂತೆ ಮಂಜು ಕರಗಿತು. ಪಾಮನಕಲ್ಲೂರಿನ ದಾರಿಯಲ್ಲಿ ಮೊದಲು ಸೈಕಲ್ ಗಂಟೆ ಕೇಳಿಸಿತು, ಆಮೇಲೆ ಕಂದಾಯ ಇಲಾಖೆಯ ಗಿರ್ದಾವರ ದಸ್ತಗೀರ್‌ಸಾಬ್ ಕಂಡರು. ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಪಟೇಲ, ಕುಲಕರ್ಣಿಯರ ಮಾತೇ ನಡೆಯುತ್ತಿದ್ದ ಊರುಗಳಿಗೆ ಈಗ ಪಂಚಾಯ್ತಿ ಬರುತ್ತಿತ್ತು. ನಮ್ಮ ಸಣ್ಣ ಊರಿನ ಹೊಸ ಸರಪಂಚನನ್ನು ನೋಡಲು ಗಿರ್ದಾವರರು ಲಿಂಗಸುಗೂರಿನ ಕಚೇರಿಯಿಂದ ಬಂದಿದ್ದರು.

"ಸರಪಂಚ ಎಲ್ರೀ ಅಯ್ಯನೋರ?" ಮಠದ ಮುಂದೆ ಸೈಕಲ್ ನಿಲ್ಲಿಸಿ ಕೇಳಿದರು. ಪಡಸಾಲೆಯಲ್ಲಿ ಊರೆಲ್ಲ ಸೇರಿತ್ತು.

ಮಠದ ಪೂಜಾರಿ ಕರಿಬಸಯ್ಯ ಒಳಗೆ ಕೈ ತೋರಿಸಿದರು. "ಅಲ್ಲೇ ಅದಾನಲ್ರೀ."

ಒಳಗಿದ್ದುದು ಶರಣಮುತ್ಯಾನ ಗದ್ದಿಗೆ. ಮುತ್ಯಾ ಲಿಂಗೈಕ್ಯನಾಗಿ ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ.

ಆದದ್ದು ಇಷ್ಟೇ. ಸರಪಂಚನಾಗಲು ಒಕ್ಕಲುತನದ ಆದೆಪ್ಪನೂ ನಿಂತಿದ್ದ, ಊರಿನ ಸಾಹುಕಾರ ಬಸವಂತರಾಯರೂ ನಿಂತಿದ್ದರು. ಇಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ. ಯಾರು ಗೆದ್ದರೂ ಅರ್ಧ ಊರು ಮುನಿಯುತ್ತಿತ್ತು. ಕೊನೆಗೆ ಎಲ್ಲರೂ ಕೂಡಿ ಮುತ್ಯಾನಿಗೇ ಕೈ ಎತ್ತಿದರು.

ದಸ್ತಗೀರ್‌ಸಾಬರು ರುಮಾಲು ತೆಗೆದು ತಲೆ ಕೆರೆದುಕೊಂಡರು. "ಮುತ್ಯಾಗ ನಾನೂ ನಡಕೋತೀನ್ರಿ. ಆದ್ರ ಸರಕಾರಿ ಬಾವಿ ಅರ್ಜಿಗೆ ಹೆಬ್ಬೆಟ್ಟು ಒತ್ತೋರು ಯಾರು? ಇವತ್ತು ಜೀವಂತ ಸರಪಂಚ ಸಿಗ್ಲಿಲ್ಲಂದ್ರ ನಿಮ್ಮೂರು ಪಾಮನಕಲ್ಲೂರಿಗಿ ಸೇರ್ತೈತಿ. ಬಾವೀನೂ ಅಲ್ಲಿಗೇ ಹೋಗ್ತೈತಿ."

ಅಂಗಳ ಗುಡಿಸುತ್ತಿದ್ದ ಹೊನ್ನೂರಮ್ಮನ ಕಸಬರಿಗೆ ನಿಂತಿತು. ಅವಳದು ಕೆಳಗಿನ ಓಣಿಯ ಕುರುಬರ ಮನೆ. ಆ ಓಣಿಯ ಹೆಂಗಸರು ಹಳ್ಳದ ಉಸುಕು ತೋಡಿ, ಬಟ್ಟಲಿನಿಂದ ನೀರು ಮೊಗೆದು ಕೊಡ ತುಂಬಿಸುತ್ತಿದ್ದರು. ಬಾವಿ ಬರಬೇಕಿದ್ದದ್ದು ಅವರಿಗೇ.

ಆದೆಪ್ಪನ ಹೆಂಡತಿ ಸಂಗಮ್ಮ ಕಂಬದ ಮರೆಯಿಂದಲೇ ಅಂದಳು, "ಇಬ್ರು ಗಂಡಸ್ರು ಮೀಸಿ ತಿರುವಿ ತಿರುವಿ, ತೋಡೋಕಿಂತ ಮೊದ್ಲೇ ಬಾವಿ ಬತ್ತಿಸಿದ್ರು ನೋಡ್ರಿ!"

ಕರಿಬಸಯ್ಯ ಅಂಗಳದ ಕಸಬರಿಗೆಯ ಕಡೆ ನೋಡಿದರು. ನಮ್ಮ ಮಠದ ಕಸವನ್ನು ದಿನಕ್ಕೊಂದು ಮನೆಯವರು ಪಾಳಿಯಂತೆ ಗುಡಿಸುತ್ತಾರೆ. ಆ ದಿನ ಕಸಬರಿಗೆ ಹಿಡಿದವರೇ ಮುತ್ಯಾನ ಕೈ. ಅವರ ಮಾತನ್ನು ಯಾರೂ ಮೀರುವುದಿಲ್ಲ. ಎಷ್ಟೋ ಮನೆಜಗಳ ಹಾಗೆಯೇ ಬಗೆಹರಿದಿವೆ.

"ಸಾಹೇಬ್ರ, ಮುತ್ಯಾನ ಕೈ ಅಂಗಳದಾಗೇ ನಿಂತೈತಿ. ಇವತ್ತಿನ ಪಾಳಿ ಹೊನ್ನೂರಮ್ಮಂದು. ಆಕಿನ್ನೇ ಬರ್ಕೋರಿ," ಎಂದರು ಕರಿಬಸಯ್ಯ.

"ಯವ್ವಾ! ನಾ ಕುರಿ ಕಾಯಾಕಿ. ನಂಗೇನ್ ತಿಳಿತೈತ್ರೀ?"

"ನಮ್ಮೂರ ಮಂದೀನ್ನ ಕಾಯಾಕ ಅಷ್ಟು ತಿಳದ್ರ ಸಾಕು ಬಿಡು ಬೇ," ಎಂದಳು ಸಂಗಮ್ಮ. ಮಠ ತುಂಬ ನಗು. ದಸ್ತಗೀರ್‌ಸಾಬರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದೆಪ್ಪ ಮತ್ತು ರಾಯರು ಎಷ್ಟೋ ದಿನಕ್ಕೆ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರಿಗೊಬ್ಬರು ಬಾಗಲು ಒಲ್ಲದವರು, ಮುತ್ಯಾನ ಕೈಗೆ ಇಬ್ಬರೂ ತಲೆ ಬಾಗಿಸಿದರು. ಹೊನ್ನೂರಮ್ಮ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿದಳು.

"ಬಾವಿ ಎಲ್ಲಿ ತೋಡ್ಸೋದವ್ವಾ?" ದಸ್ತಗೀರ್‌ಸಾಬರು ಕೇಳಿದರು.

ಎಲ್ಲರೂ ರಾಯರ ಕಡೆ ತಿರುಗಿದರು. ಸಿಹಿನೀರು ಇರುವುದು ಕೆಳಗಿನ ಓಣಿಯ ಹುಣಸೆಮರದ ಬುಡದಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಊರಿನ ದನ ಮೇಯುವ ಗೈರಾಣ. ಆದರೆ ವರ್ಷ ವರ್ಷ ಒಂದೊಂದು ಸಾಲು ರಾಯರ ನೇಗಿಲು ಅದರೊಳಗೆ ಹೊಕ್ಕು, ಈಗ ಮರದ ಸುತ್ತಲೂ ಅವರದೇ ಜೋಳ ನಿಂತಿತ್ತು. ಆ ದಿನ ಹೊನ್ನೂರಮ್ಮ ಏನಂದರೂ ನಡೆಯುತ್ತಿತ್ತು. ರಾಯರು ನೆಲ ನೋಡುತ್ತ ನಿಂತರು.

ಹೊನ್ನೂರಮ್ಮ ಸೆರಗು ಸರಿಮಾಡಿಕೊಂಡಳು. "ಹುಣಸಿಗಿಡದ ಬುಡಕ್ಕ ಬರೀರಿ ಸಾಹೇಬ್ರ. ಅದು ಊರಿನ ಗೈರಾಣ. ಹಾಳು ಬೀಳಬಾರ್ದಂತ ನಮ್ ರಾಯ್ರು ಇಷ್ಟ್ ದಿನ ಜ್ವಾಪಾನ ಮಾಡ್ಯಾರ."

ಗಿರ್ದಾವರರು ಬರೆದುಕೊಂಡರು. ಗದ್ದಿಗೆಗೆ ಕೈಮುಗಿದು, ಸಂಗಮ್ಮ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು ಸೈಕಲ್ ಹತ್ತಿದರು. ಕೆಳಗಿನ ಓಣಿಯಲ್ಲಿ ಡೊಳ್ಳು ಸದ್ದು ಎದ್ದಿತು.

ಇಳಿಹೊತ್ತಿನಲ್ಲಿ ಹೊನ್ನೂರಮ್ಮ ಕುರಿ ಹೊಡೆದುಕೊಂಡು ಬರುವಾಗ ಹುಣಸೆಯ ಹತ್ತಿರ ಬಸವಂತರಾಯರು ಒಬ್ಬರೇ ಇದ್ದರು. ಮರದಾಚೆ ತಾವೇ ಸರಿಸಿ ನೆಟ್ಟಿದ್ದ ಗಡಿಗಲ್ಲು ಕಿತ್ತು, ಹೆಗಲಿಗೇರಿಸಿಕೊಂಡು ಜೋಳದ ನಡುವೆ ತಮ್ಮ ಹೊಲದ ಹಳೆಯ ಬದುವಿನ ತನಕ ನಡೆದರು. ಅಲ್ಲಿ ಅದನ್ನು ನೆಟ್ಟು, ಸುತ್ತಲ ಮಣ್ಣನ್ನು ಬರಿಗಾಲಿನಿಂದ ತುಳಿದು ಗಟ್ಟಿ ಮಾಡಿ, ಮನೆಯ ಕಡೆ ಹೊರಟರು.