ಕಲ್ಲಿಲ್ಲದ ಅಕ್ಕಿ

ಅಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈ ತೂರಿಸಿದ ಪಕ್ಕದ ಮನೆಯ ಶಾಂತಕ್ಕ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು.

“ಎಷ್ಟು ಚೊಕ್ಕ ಇದೆ! ಒಂದು ಕಲ್ಲಿಲ್ಲ.”

ಗೋಡೆಗೆ ಒರಗಿದ್ದ ವಾಸಪ್ಪ ತಲೆಯೆತ್ತಿದ. “ಸರಿಯಾಗಿ ನೋಡು ಮಾರಾಯ್ತಿ, ಅದಿನ್ನೂ ಹೆಕ್ಕದ ಅಕ್ಕಿ. ವರ್ಷದಿಂದ ದಿನಾ ಕಲ್ಲು ಹೆಕ್ಕಿದವ ನಾನು.”

“ಇಲ್ಲ ವಾಸಣ್ಣ, ನೀವೇ ನೋಡಿ.”

ಅಂಗಳದಲ್ಲಿ ಅವನ ಹೆಂಡತಿ ವಸಂತಮ್ಮನನ್ನು ಮಲಗಿಸಿದ್ದರು. ನಿನ್ನೆ ದನಕ್ಕೆ ಹುಲ್ಲು ಹಾಕಿ ಬಂದವಳು ಎದೆ ಹಿಡಿದು ಕುಳಿತದ್ದೇ ಕೊನೆ. ಸೀತೂರಿನ ಕಾಯಿನ್ ಬೂತಿನಿಂದ ನೆಂಟರಿಗೆಲ್ಲ ಫೋನು ಹಾಕಿ ಬಂದ ಅವಳ ತಮ್ಮ ಜಟ್ಟಪ್ಪ ಅವಸರ ಮಾಡುತ್ತಿದ್ದ.

“ಬಾಯಿಗೆ ಅಕ್ಕಿ ಮೊದಲು ನೀವು ಹಾಕ್ಬೇಕು ಭಾವ. ಬಲಗೈ ನಡುಗ್ತದೆ, ಎಡಗೈಲೇ ಹಾಕಿ. ಇಲ್ಲಾಂದ್ರೆ ನಾ ಹಿಡಿದು ಹಾಕಿಸ್ತೀನಿ.”

“ತಾಳಿ ಕಟ್ಟಿದ್ದು ಈ ಬಲಗೈಲಿ. ಹಾಕೋದೂ ಇದರಲ್ಲೇ.”

ಹೇಳಿದ ಮೇಲೆ ವಾಸಪ್ಪನಿಗೇ ಹೆದರಿಕೆಯಾಯಿತು. ಊರವರ ಮುಂದೆ ಕಾಳು ಅವಳ ಕಣ್ಣಿನ ಮೇಲೋ ಮೂಗಿನ ಮೇಲೋ ಚೆಲ್ಲಿದರೆ?

*

ಹೋದ ವರ್ಷ ಬಲಭಾಗಕ್ಕೆ ಲಕ್ವ ಹೊಡೆದಾಗ, ಕೊಪ್ಪದಲ್ಲಿ ಫಿಸಿಯೋಥೆರಪಿ ಮಾಡಿಸುವ ನಯನ ಎಂಬ ಹುಡುಗಿ ಅವನ ಕೈಗೊಂದು ರಬ್ಬರ್ ಚೆಂಡು ಇಟ್ಟಿದ್ದಳು. “ದಿನಾ ಹಿಸುಕಿ ಅಜ್ಜ. ಬೆರಳಿಗೆ ಕೆಲಸ ಕೊಟ್ರೆ ಯಾವ ವಯಸ್ಸಲ್ಲಾದ್ರೂ ಕೈ ಸುಧಾರಿಸ್ತದೆ.”

ಮನೆಗೆ ಬಂದವನೇ ಚೆಂಡನ್ನು ಗದ್ದೆಗೆ ಎಸೆದಿದ್ದ. “ನಾನೇನು ತೊಟ್ಟಿಲ ಮಗುವಾ?”

ಕೆಲವು ದಿನ ಕಳೆದ ಮೇಲೆ ವಸಂತಮ್ಮ ಅಕ್ಕಿ ಹರಡಿದ ಮೊರ ತಂದು ಅವನ ಮುಂದಿಟ್ಟಳು. “ನಂಗೆ ಕಣ್ಣು ಮಂಜು ಮಂಜು. ಊಟದಲ್ಲಿ ಕಲ್ಲು ಸಿಕ್ಕಿದ್ರೆ ಆಮೇಲೆ ಬೈಬೇಡಿ. ಒಂಚೂರು ಹೆಕ್ಕಿ ಕೊಡಿ.”

ಅವನು ಎಡಗೈ ಚಾಚಿದ.

“ಅಯ್ಯೋ, ಅನ್ನದ ಅಕ್ಕಿಗೆ ಎಡಗೈಯಾ?”

ಮೊದಮೊದಲು ಅವನ ಬೆರಳುಗಳು ಮರದ ಚೂರಿನ ಹಾಗೆ ಮೊರದಲ್ಲಿ ಬಿದ್ದಿರುತ್ತಿದ್ದವು. ಕಲ್ಲನ್ನು ತಳ್ಳುತ್ತ, ಉರುಳಿಸುತ್ತ, ಮಿಲ್ಲಿನ ರೇಣುಕಪ್ಪನನ್ನು ಬೈಯುತ್ತ ಸಂಜೆಗಳು ಕಳೆದವು. “ನಮ್ಮ ಅಕ್ಕಿ ನುಂಗಿ ಕಲ್ಲು ತುಂಬಿ ಕಳಿಸ್ತಾನೆ, ಕಳ್ಳ!” ದಾರಿಯಲ್ಲಿ ಸಿಕ್ಕಾಗ ಮುಖದ ಮೇಲೆಯೇ ಬೈದ. ರೇಣುಕಪ್ಪ ಬೈಸಿಕೊಂಡೇ ಮುಂದೆ ಹೋದ.

*

ಅದೇ ರೇಣುಕಪ್ಪ ಈಗ ಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಈ ಅಕ್ಕೀಲಿ ಕಲ್ಲೇ ಇಲ್ವಂತೆ. ಇದೆಂಥದು?” ಎಂದು ಕೇಳಿದ ವಾಸಪ್ಪ.

ರೇಣುಕಪ್ಪ ಅಂಗಳದ ಕಡೆ ನೋಡಿದ. “ಇನ್ನು ಹೇಳಿದ್ರೆ ತಪ್ಪಿಲ್ಲ. ಕಲ್ಲು ನನ್ನ ಮಿಲ್ಲಿಂದಲ್ಲ ಮಾರಾಯ. ವಸಂತಕ್ಕನೇ ಹಳ್ಳದಿಂದ ತಂದು, ತೊಳೆದು, ಮೊರಕ್ಕೆ ಹಾಕ್ತಿದ್ರು. ‘ಕೈ ಸುಧಾರಿಸ್ತಾ ಇದೆ, ಅವರು ಬೈದ್ರೆ ಬೈಸ್ಕೊಳ್ಳಿ’ ಅಂತ ಮಿಲ್ಲಿಗೇ ಬಂದು ಹೇಳಿ ಹೋಗಿದ್ರು.”

“ಮತ್ತೆ ಅವಳ ಕಣ್ಣು?”

“ಕಣ್ಣಿಗೇನಾಗಿತ್ತು?” ಎಂದಳು ಶಾಂತಕ್ಕ. “ಮೊನ್ನೆ ನನ್ನ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದೇ ಅವಳು.”

ವಾಸಪ್ಪನಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಕೇಳಿ ತಿಳಿಯೋಣವೆಂದರೆ, ಕೇಳಬೇಕಾದವಳು ಅಂಗಳದಲ್ಲಿ ಮಲಗಿದ್ದಳು. ಗೋಡೆ ಹಿಡಿದು ಎದ್ದು ನಿಂತ.

ಅಂಗಳದಲ್ಲಿ ಜಟ್ಟಪ್ಪ ಅವನ ಬಲಗೈ ಹಿಡಿಯಲು ಬಂದ. ರೇಣುಕಪ್ಪ ಜಟ್ಟಪ್ಪನ ಭುಜ ತಟ್ಟಿ ಹಿಂದಕ್ಕೆ ಕರೆದ. “ಬಿಡಿ. ಅವರೇ ಹಾಕ್ಲಿ.”

ಶಾಂತಕ್ಕ ತಟ್ಟೆ ಒಡ್ಡಿದಳು. ನಡುಗುವ ಬೆರಳುಗಳು ಅಕ್ಕಿಯನ್ನು ಹರಡಿದವು. ಬದಿಗೆ ಸರಿಸಿದವು. ಮತ್ತೆ ಹರಡಿದವು.

“ಭಾವ, ಹೊತ್ತಾಯ್ತು.”

“ತಡಿ ಮಾರಾಯ. ಅವಳ ಬಾಯಿಗೆ ಕಲ್ಲು ಸಿಗಬಾರ್ದು.”

ವಾಸಪ್ಪ ತಟ್ಟೆಯ ಮೇಲೆ ಬಗ್ಗಿ, ಒಂದೊಂದೇ ಕಾಳನ್ನು ಈಚೆಗೆಳೆಯುತ್ತ, ಇಲ್ಲದ ಕಲ್ಲನ್ನು ಹುಡುಕುತ್ತಲೇ ಇದ್ದ.