ಸೊನ್ನೆಯ ಗೆರೆಯ ಮೇಲೆ

ಮೇಲೆಲ್ಲ ನೀಲಿ ಚುಕ್ಕೆಗಳು ಸಾಸಿವೆ ಚೆಲ್ಲಿದ ಹಾಗೆ ಒತ್ತೊತ್ತಾಗಿ ಕೂತಿವೆ, ಇವು ಕೆಲವು ಮಾತ್ರ ತೀರ ಕೆಳಗೆ, ಸ್ಕ್ರೀನಿನ ತಳದ ಗೆರೆಗೆ ಅಂಟಿಕೊಂಡು, ಯಾರೋ ನೂಕಿಬಿಟ್ಟಂತೆ, ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡಳು, ಅಲ್ಲೇ ಇವೆ, ಇರದೆ ಎಲ್ಲಿಗೆ ಹೋಗುತ್ತವೆ, ಹೆರಿಗೆ ವಾರ್ಡಿನ ಒಂದು ವರ್ಷದ ಮಕ್ಕಳೆಲ್ಲ ಇಲ್ಲಿವೆ, ಅಡ್ಡಕ್ಕೆ ಹುಟ್ಟಿದ ದಿನ, ಉದ್ದಕ್ಕೆ ತೂಕ, ಒಂದು ಮಗುವಿಗೆ ಒಂದು ಚುಕ್ಕೆ, ನಾಲ್ಕು ಸಾಲು ಟೈಪ್ ಮಾಡಿದರೆ ಪ್ರೋಗ್ರಾಮ್ ತಾನೇ ಬಿಡಿಸಿಕೊಡುತ್ತದೆ — ಆಸ್ಪತ್ರೆಯವರಿಗೆಂದೇ ಇಟ್ಟ ಈ ಕಂಪ್ಯೂಟರ್ ಕ್ಲಾಸಿನ ಮೊದಲ ದಿನ ಒಂದು ಅಲ್ಪವಿರಾಮ ಬಿಟ್ಟಿದ್ದಕ್ಕೆ ಸ್ಕ್ರೀನ್ ತುಂಬ ಕೆಂಪಕ್ಷರದಲ್ಲಿ ಉಗಿದಿತ್ತು, ಹೊಸದಾಗಿ ಮದುವೆಯಾದಾಗ ಅತ್ತೆ ಕೂಡ ಅಷ್ಟು ಬೈದಿರಲಿಲ್ಲ, ತಲೆ ನರೆತ ಮೇಲೆ ಇದೆಲ್ಲ ಬೇಕಿತ್ತಾ ಅನ್ನಿಸಿತ್ತು, ಈಗ ಕೈ ಪಳಗಿದೆ, ಪಳಗಿದ್ದಕ್ಕೇ ಈಗ ಇವು ಕಾಣುತ್ತಿವೆ. ಸತ್ತು ಹುಟ್ಟಿದ ಮಗುವನ್ನು ಈ ವಾರ್ಡಿನಲ್ಲಿ ತಕ್ಕಡಿಗೆ ಹಾಕುವುದಿಲ್ಲ, ತಾಯಿ ನೋಡುತ್ತಿರುತ್ತಾಳೆ, ಹೇಗೆ ಹಾಕುವುದು, ತೂಕದ ಜಾಗ ಖಾಲಿ ಬಿಟ್ಟರೆ ವಾರ್ಡಿನ ಕಂಪ್ಯೂಟರ್ ಮುಂದಕ್ಕೆ ಹೋಗಗೊಡುವುದಿಲ್ಲ, ಅದಕ್ಕೆ ಒಂದು ಸೊನ್ನೆ ಒತ್ತಿ ಮುಂದೆ ಸಾಗುವುದು, ಯಾರು ಶುರು ಮಾಡಿದರೋ, ಅವಳು ಸೇರುವ ಮೊದಲಿಂದಲೂ ಹಾಗೇ. ಗ್ರಾಫ್ ಮೇಷ್ಟ್ರು ಹಿಂದಿನಿಂದ ಬಗ್ಗಿ ನೋಡಿ, ಓ, ಇವೆಲ್ಲ ಟೈಪಿಂಗ್ ತಪ್ಪು, ಸೊನ್ನೆ ಕಿಲೋ ಮಗು ಎಲ್ಲಾದ್ರೂ ಇರತ್ತಾ ಮೇಡಂ, ಒಂದು ಸಾಲು ಹಾಕಿ ಸೋಸಿಬಿಡಿ, ಸಂಜೆ ಡಾಕ್ಟರಮ್ಮನಿಗೆ ತೋರಿಸೋದು ನೀಟಾಗಿರ್ಲಿ, ಎಂದು ಮುಂದಿನ ಬೆಂಚಿಗೆ ಹೋದರು, ಪಾಪ, ಅವರನ್ನು ಅಂದು ಏನು ಪ್ರಯೋಜನ, ಅವರಿಗೆ ಯಾರು ಹೇಳಿದ್ದಾರೆ, ತಳದ ಸಾಲಿನಲ್ಲಿ ನಡುವಿನಿಂದ ಒಂಚೂರು ಎಡಕ್ಕೆ ಇರುವುದು ನನ್ನ ತಂಗಿಯ ಮಗಳು ಅಂತ. ಮೊನ್ನೆ ಫೋನಿನಲ್ಲಿ ತಂಗಿ, ಅಕ್ಕಾ, ಅವಳು ಇದ್ಲು ಅಂತ ಎಲ್ಲಾದ್ರೂ ಇದೆಯಾ, ಮನೇಲಿ ಯಾರೂ ಮಾತೇ ಎತ್ತಲ್ಲ, ತೊಟ್ಟಿಲು ವಾಪಸ್ ಕೊಟ್ಬಿಟ್ರು, ಒಂದೊಂದ್ಸಲ ನಾನು ಹೆತ್ತಿದ್ದೇ ಸುಳ್ಳೇನೋ ಅನ್ಸತ್ತೆ, ಇದೆ ಕಣೇ, ನಮ್ಮ ವಾರ್ಡಲ್ಲಿದೆ, ಬಾ ತೋರಿಸ್ತೀನಿ — ಹಿಂದುಮುಂದು ನೋಡದೆ ಬಾಯಿಂದ ಬಂದೇಬಿಟ್ಟಿತು, ಇವತ್ತು ಡ್ಯೂಟಿ ಮುಗಿಯುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಏನು ತೋರಿಸುವುದು, ಸೊನ್ನೆಯನ್ನಾ, ಸೊನ್ನೆ ಆಗಿರಲಿಲ್ಲ ಆ ಹುಡುಗಿ, ಈ ಕೈಗೆ ಗೊತ್ತು, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಾಗ ಭಾರಕ್ಕೆ ಮೊಳಕೈ ಜಗ್ಗಿತ್ತು.

ಟೈಪ್ ಮಾಡಿಯೇಬಿಟ್ಟಳು, ತೂಕ ಸೊನ್ನೆಗಿಂತ ಹೆಚ್ಚಿರುವವು ಮಾತ್ರ ಉಳಿಯಲಿ ಅನ್ನುವ ಸಾಲು, ಮೇಷ್ಟ್ರ ಮಾತು ಮೀರುವುದು ಹೇಗೆ, ಎಂಟರ್ — ಸ್ಕ್ರೀನ್ ಒಮ್ಮೆ ಬೆಳ್ಳಗಾಗಿ ಹೊಸ ಚಿತ್ರ, ಎಷ್ಟು ಚಂದ, ಚುಕ್ಕೆಗಳೆಲ್ಲ ಕೈಕಾಲು ಚಾಚಿಕೊಂಡು ಹಾಯಾಗಿ ಹರಡಿವೆ, ಪಕ್ಕದ ಫಾರ್ಮಸಿಯವಳು ಇಣುಕಿ, ನಿಮ್ದು ಎಷ್ಟು ಚೆನ್ನಾಗಿ ಬಂತು ಸಿಸ್ಟರ್, ನಂದು ನೋಡಿ, ಕಾಗೆ ಕಾಲು ಗುಬ್ಬಿ ಕಾಲು, ಅವಳು ನಕ್ಕಳು, ಇವಳೂ ನಕ್ಕಳು, ನಗುತ್ತಲೇ ಕಣ್ಣು ಕೆಳಗಿಳಿಯಿತು, ಗೆರೆ ಎಲ್ಲಿ, ಸೊನ್ನೆಯೇ ಇಲ್ಲ, ಪ್ರೋಗ್ರಾಮ್ ತನ್ನಷ್ಟಕ್ಕೆ ತಾನೇ ಅಳತೆಯನ್ನು ಒಂದೂವರೆ ಕಿಲೋದಿಂದ ಶುರು ಮಾಡಿಕೊಂಡಿದೆ, ಚುಕ್ಕೆ ಹೋಗಿದ್ದು ಹೋಯಿತು, ಚುಕ್ಕೆ ಕೂತಿದ್ದ ಜಾಗವೂ ಹೋಯಿತು. ಆ ಮನೆಯವರಿಗೂ ನನಗೂ ಏನು ವ್ಯತ್ಯಾಸ ಹಾಗಾದರೆ, ಅವರು ತೊಟ್ಟಿಲು ವಾಪಸ್ ಕೊಟ್ಟರು, ನಾನು ನೆಲವನ್ನೇ ಕಿತ್ತೆ, ಬೇಡ, ಆ ಸಾಲನ್ನು ಬಾಲದಿಂದ ಒಂದೊಂದೇ ಅಕ್ಷರವಾಗಿ ಅಳಿಸಿದಳು, ಎಂಟರ್, ಗೆರೆ ಬಂತು, ಚುಕ್ಕೆಗಳು ಬಂದವು, ಉಸಿರು ಬಂತು, ಇರಲಿ, ನೀಟಾಗಿರದಿದ್ದರೆ ಕತ್ತೆ ಬಾಲ, ಡಾಕ್ಟರಮ್ಮ ಕೇಳಿದರೆ ಹೇಳುತ್ತೇನೆ, ಇವು ತಪ್ಪಲ್ಲ, ಇವೂ ನಮ್ಮ ವಾರ್ಡಿನವೇ, ತೂಗಲಿಲ್ಲ ಅಷ್ಟೇ, ತಂಗಿಯ ಬೆರಳು ಹಿಡಿದು ಇಲ್ಲಿಟ್ಟು ತೋರಿಸುತ್ತೇನೆ, ಇಗೋ, ಇವಳೇ ಕಣೇ. ತಾನೇ ಮೊದಲು ಬೆರಳಿಟ್ಟು ನೋಡಿದಳು, ಬೆರಳು ತೆಗೆದಳು — ಇದೊಂದು ಯಾಕೆ ಇಷ್ಟು ಕಪ್ಪು.

ತಳದ ಸಾಲಿನಲ್ಲಿ ಮಿಕ್ಕವೆಲ್ಲ ತಿಳಿನೀಲಿ, ಇದೊಂದು ಮಾತ್ರ ಗಾಢ, ಕರುಳಿನ ಸಂಬಂಧವಲ್ಲವೇ, ನಮ್ಮವರು ಸಂತೆಯ ನಡುವೆಯೂ ಎದ್ದು ಕಾಣುತ್ತಾರೆ — ಅಲ್ಲ, ಮೇಷ್ಟ್ರು ಹೋದ ವಾರ ಹೇಳಿದ್ದರು, ಬಣ್ಣ ತೆಳು ಮಾಡ್ಕೊಳ್ಳಿ ಮೇಡಂ, ಒಂದರ ಮೇಲೊಂದು ಕೂತಿದ್ರೆ ದಟ್ಟವಾಗಿ ಕಾಣತ್ತೆ, ಅನುಮಾನ ಬಂದ್ರೆ ಅಡ್ಡಕ್ಕೆ ಒಂಚೂರು ಅಲುಗಾಡಿಸಿ, ಬೇರೆಬೇರೆ ಆಗ್ತವೆ, ಅಲುಗಾಡಿಸುವ ಸಾಲು ಬರೆಯುವಾಗ ಬೆರಳು ತಪ್ಪಿತು, ಕೆಂಪಕ್ಷರ, ಮತ್ತೆ ಬರೆದಳು, ಎಂಟರ್, ಎರಡು. ಎರಡು ಚುಕ್ಕೆ, ಅದೇ ದಿನ, ಅದೇ ಗೆರೆ, ಇಲ್ಲ, ಸಾಧ್ಯವೇ ಇಲ್ಲ, ಅವತ್ತು ಇನ್ನೊಂದು ಹೋಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ, ವಾರ್ಡಿನಲ್ಲಿ ಸೂಜಿ ಬಿದ್ದರೂ ನನಗೆ ಕೇಳಿಸುತ್ತದೆ ಎಂದು ಜಂಬ ಕೊಚ್ಚುವವಳು ನಾನು — ಅವತ್ತು ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಹೊಸ ನರ್ಸು ಬೆನ್ನ ಹಿಂದೆ ಬಂದು, ಸಿಸ್ಟರ್, ತೂಕ ಏನ್ ಹಾಕ್ಲಿ, ಸೊನ್ನೆ ಹಾಕಮ್ಮ, ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಸಿಸ್ಟರ್, ಇದಕ್ಕೂ ಸೊನ್ನೇನಾ, ತಿರುಗಿಯೂ ನೋಡದೆ, ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿಂಗೆ, ಸೊನ್ನೆ ಅಂದೆನಲ್ಲ. ಇದಕ್ಕೂ, ಅಂದಿದ್ದಳು ಹುಡುಗಿ, ಇದಕ್ಕೂ, ಹಸಿರು ಪರದೆಯ ಆಚೆ ಒಬ್ಬಳಿದ್ದಳು ಹಾಗಾದರೆ, ಅತ್ತ ಸದ್ದೇ ಕೇಳಲಿಲ್ಲವಲ್ಲ, ಅತ್ತಿರಲಿಲ್ಲವೋ, ಅತ್ತಿದ್ದು ನಮ್ಮ ಅಳುವಿನಲ್ಲಿ ಮುಳುಗಿತೋ, ಯಾವ ಮುಖ ಆಕೆಯದು, ಅಕ್ಕ ಅನ್ನುವವರು ಯಾರಾದರೂ ಜೊತೆಗಿದ್ದರೋ, ಆ ಕೂಸನ್ನು ಎತ್ತಿಕೊಂಡವರು ಯಾರು, ಗಂಡೋ ಹೆಣ್ಣೋ, ನೆನಪಿಲ್ಲ, ನೆನಪಾಗುವುದಿಲ್ಲ, ನೋಡಿದ್ದರೆ ತಾನೇ ನೆನಪಾಗುವುದು. ಹೊರಗೆ ಕಾರಿಡಾರಿನಲ್ಲಿ ಚಪ್ಪಲಿ ಸದ್ದು, ತಂಗಿಯದೇ ನಡಿಗೆ, ಎಡಗಾಲು ಸ್ವಲ್ಪ ಎಳೆಯುತ್ತಾಳೆ ಈಗೀಗ, ಬಂದು ಪಕ್ಕದಲ್ಲಿ ನಿಂತು ಕೇಳುತ್ತಾಳೆ, ಯಾವುದು ಅಕ್ಕಾ, ನಂದು ಯಾವುದು — ಎಂಟರ್ ಒತ್ತಿದಳು, ಮನಸ್ಸಿಗೆ ಬಂದ ಕಡೆ ಅಲುಗಾಡಿಸುತ್ತದೆ ಪ್ರೋಗ್ರಾಮ್, ಎರಡೂ ಬೇರೆ ಕಡೆ ಕೂತವು, ಮತ್ತೆ ಒತ್ತಿದಳು, ಒಂದನ್ನೊಂದು ತಾಗಿದವು, ಮತ್ತೆ, ದೂರ ಸರಿದವು, ಒಂದೇ ಬಣ್ಣ, ಒಂದೇ ಗಾತ್ರ, ಗೆರೆಯ ಮೇಲೆ ಎರಡು ಚುಕ್ಕೆ, ಯಾವುದು ಯಾರದು, ಎರಡು ಚುಕ್ಕೆ, ಎರಡು