ಹದಿನಾಲ್ಕು ಕಿಲೋಮೀಟರು

ತಪ್ಪು ನಂದೇ. ಕರಾಚಿಯಿಂದ ನಮ್ಮಕ್ಕ ನುಜತ್ ಆಪಾ ಕಾಗದ ಹಾಕಿ, "ಹಿದಾಯತ್, ವೀಸಾ ಅರ್ಜಿಯಾಗ ಯಾವ ಊರು ಬರೀಲಿ?" ಅಂತ ಕೇಳಿದ್ಲು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನಮಗೋ ಭಾರಿ ಜಂಬ. "ದಾವಣಗೆರೆ ಅಂತ ಬರಿ ಸಾಕು, ಹರಿಹರಾನೂ ಈಗ ದಾವಣಗೆರೆ ಜಿಲ್ಲೆನೇ" ಅಂತ ದೊಡ್ಡ ಮನುಷ್ಯನಂಗೆ ಬರೆದೆ.

ಅಮ್ಮ ಇದ್ದದ್ದು ಹರಿಹರದಾಗ, ನನ್ನ ತಮ್ಮ ಸೈಫುಲ್ಲಾನ ಮನೇಲಿ. ಲಕ್ವ ಹೊಡೆದು ಮಲಗಿದ್ಲು, ಅಲುಗಾಡಿಸಬ್ಯಾಡ್ರಿ ಅಂದಿದ್ರು ಡಾಕ್ಟ್ರು. ಆಪಾ ಬಂದಿದ್ದೇ ಆಕೀನ ನೋಡಾಕೆ, ಇಪ್ಪತ್ತೆರಡು ವರ್ಷದ ಮ್ಯಾಲೆ.

ತೊಂಬತ್ತೆಂಟರ ಮೇ ಹನ್ನೊಂದಕ್ಕೆ ಆಪಾ ದಾವಣಗೆರೆಯ ನಮ್ಮ ಮನೆಗೆ ಬಂದಿಳಿದ್ಲು. ಅವತ್ತೇ ನಮ್ಮೋರು ಅಣುಬಾಂಬು ಹಾರಿಸಿದ್ರು. ಪಾಕಿಸ್ತಾನದಿಂದ ಬಂದೋರು ಹೆಸರು ಬರೆಸ್ಬೇಕಂತ ಮರುದಿನ ಪೊಲೀಸ್ ಕಚೇರಿಗೆ ಹೋದ್ವಿ.

"ಹರಿಹರಕ್ಕೆ ಹೋಗಂಗಿಲ್ಲ. ವೀಸಾದಾಗ ದಾವಣಗೆರೆ ಒಂದೇ ಐತೆ" ಅಂದ್ರು ಸಾಹೇಬ್ರು.

"ಸಾರ್, ಹರಿಹರ ನಮ್ಮ ಜಿಲ್ಲೆನೇ ಅಲ್ವಾ?"

"ವೀಸಾ ಕೊಡೋದು ಊರಿಗೆ ಕಣ್ರಿ, ಜಿಲ್ಲೆಗಲ್ಲ. ಇನ್ನೊಂದು ಊರು ಸೇರಿಸ್ಬೇಕಂದ್ರೆ ಮೇಲಿಂದ ಬರಬೇಕು. ನಿನ್ನೆ ಆಗಿದ್ದು ಗೊತ್ತಲ್ಲ, ಈಗ ಯಾರೂ ಸಹಿ ಹಾಕಲ್ಲ."

ಆಪಾ ನನ್ನ ಮುಖ ನೋಡಿ ಪಾಸ್‌ಪೋರ್ಟ್ ಚೀಲಕ್ಕೆ ಹಾಕ್ಕೊಂಡ್ಲು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.

ಅರ್ಜಿ ಕೊಟ್ವಿ. ಉತ್ತರ ಇಲ್ಲ. ತಿಂಗಳ ಕೊನೆಗೆ ಆ ಕಡೆಯೋರೂ ಹಾರಿಸಿದ್ರು. ಅಲ್ರೀ, ಎರಡು ಸರ್ಕಾರ ತೊಡೆ ತಟ್ಟಿಕೊಂಡು ನಿಂತ್ರೆ ಹಾಸಿಗೆ ಹಿಡಿದ ಮುದುಕಿ ಏನು ಮಾಡ್ಬೇಕು? ದಿನಾ ಬೆಳಿಗ್ಗೆ ಪೇದೆ ಬಂದು ಆಪಾ ಮನೇಲಿದ್ದಾಳೋ ಇಲ್ಲೋ ನೋಡಿ ಹೋಗ್ತಿದ್ದ. "ಬುರ್ಖಾ ಹಾಕ್ಕೊಂಡು ಬಸ್ ಹತ್ತಿಬಿಡ್ತೀನಿ ಕಣೋ" ಅಂದ್ಲು ಒಂದಿನ. "ಸಿಕ್ಕಿಬಿದ್ರೆ ಜೈಲು ಆಪಾ, ಬ್ಯಾಡ" ಅಂತ ಬಾಗಿಲಿಗೆ ಅಡ್ಡ ನಿಂತೋನೂ ನಾನೇ.

ಅಮ್ಮನಿಗೆ ಹೇಳಾಕೆ ಹೋದೆ. ನಂಬಬೇಕಲ್ಲ!

"ಸುಳ್ಳು ಹೇಳ್ಬ್ಯಾಡ" ಅಂತ ತೊದಲಿದ್ಲು. "ಕರಾಚಿಯಿಂದ ಬಂದಾಕಿಗೆ ದಾವಣಗೆರೆಯಿಂದ ಬರಾಕಾಗಲ್ವಾ? ಅಷ್ಟು ದೂರ ಬ್ಯಾಡ ಅಂತ ಅತ್ತರೂ ನಾನೇ ಮದುವೆ ಮಾಡಿ ಕಳಿಸಿದ್ನಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ ಆಕೀಗೆ."

"ಸಿಟ್ಟಲ್ಲಮ್ಮ, ವೀಸಾ ಇಲ್ಲ."

"ಹದಿನಾಲ್ಕು ಕಿಲೋಮೀಟರಿಗೆ ವೀಸಾನಾ?" ಅಂತ ಮುಖ ಗೋಡೆ ಕಡೆ ತಿರುಗಿಸಿದ್ಲು.

ನಿಂಗೆ ಸಿಟ್ಟು ಅಂತಾಳೆ ಅಮ್ಮ ಅಂತ ಆಪಾಗೆ ಹೇಳಬಾರದಿತ್ತು. ಹೊಟ್ಟೇಲಿ ಇಟ್ಕೊಳ್ಳಾಕಾಗದೆ ಹೇಳಿಬಿಟ್ಟೆ.

ಜೂನ್ ಎರಡಕ್ಕೆ ಮಧ್ಯಾಹ್ನ ಸೈಫುಲ್ಲಾ ಫೋನ್ ಮಾಡಿದ. ನಾನು ಹರಿಹರ ಮುಟ್ಟೋದ್ರಾಗ ಅಮ್ಮ ಹೋಗಿಬಿಟ್ಟಿದ್ಲು. ಪಕ್ಕದ ಮನೆ ಇಮಾಂಬೀ ಕಡೇ ಸ್ನಾನಕ್ಕೆ ನೀರು ಕಾಯಿಸ್ತಿದ್ರು.

"ನಿಲ್ರಿ" ಅಂದೆ. "ಸ್ನಾನ ಮಗಳು ಮಾಡಿಸ್ತಾಳೆ. ದಾವಣಗೆರೆಗೆ ಕರ್ಕೊಂಡು ಹೋಗ್ತೀನಿ."

"ತಲೆ ಕೆಟ್ಟೈತೇನೋ? ಮಯ್ಯತ್ತನ್ನ ಊರೂರು ತಿರುಗಿಸ್ತೀಯಾ?" ಅಂತ ರೇಗಿದ ಸೈಫುಲ್ಲಾ.

"ಅಮ್ಮನಿಗೆ ವೀಸಾ ಬ್ಯಾಡಲ್ಲ, ಎತ್ತೋ" ಅಂತ ಕೂಗಿದೆ. ಅವನು ಬಗ್ಗಿ ಅಮ್ಮನ ತಲೆ ಕಡೆ ಹಿಡಿದು ಎತ್ತಿದ.

ಟೆಂಪೋ ಅರ್ಧ ಗಂಟೇಲಿ ದಾವಣಗೆರೆ ಮುಟ್ತು. ಬರೀ ಅರ್ಧ ಗಂಟೆ, ಯಾ ಅಲ್ಲಾ! ಹಿತ್ತಲಲ್ಲಿ ಪರದೆ ಕಟ್ಟಿ ಹೆಂಗಸರು ಒಳಗೆ ಹೋದ್ರು. ನಾನು ಹೊರಗೆ ನಿಂತಿದ್ದೆ. ನೀರು ಹಾಕೋ ಸದ್ದು ಕೇಳ್ತಿತ್ತು. ನಡುವೆ ಅದು ನಿಂತು ಆಪಾಳ ದನಿ ಕೇಳಿಸ್ತು, ಕಿವಿ ಹತ್ರ ಬಗ್ಗಿ ಮಾತಾಡ್ದಂಗೆ.

"ಸಿಟ್ಟಿಲ್ಲಮ್ಮ ನಂಗೆ. ವೀಸಾ ಇರಲಿಲ್ಲ. ನಿನ್ನಾಣೆ, ಸಿಟ್ಟಿಲ್ಲ."